ಒದ್ದೆ ಲಂಗದ ಗುಟ್ಟು

"ಕುಡಿ, ನಿಕೊ! ಇಡೀ ಬೀದಿ ನೋಡ್ತಿದೆ!"

ಫ್ರೊಯಿಲಾನ್ ಬಿಯರ್ ಲೋಟ ಚಾಚಿ ನಿಂತಿದ್ದ. ಅವನ ಹಿಂದೆ ಹೂವು, ಬಣ್ಣದ ಕಾಗದ ಸುತ್ತಿಕೊಂಡ ಹೊಸ ಬಸ್ಸು. ಎಲ್ ಆಲ್ಟೋ ಊರಿನಲ್ಲಿ ಹೊಸ ಗಾಡಿ ರಸ್ತೆಗಿಳಿಯುವ ಮೊದಲು ಭೂತಾಯಿಗೆ ಎರಡು ಹನಿ ಚೆಲ್ಲಿ, ಉಳಿದದ್ದನ್ನು ಕುಡಿಯಬೇಕು. ಕುಡಿಯದವರು ಗಾಡಿಗೆ ಕೇಡು ಬಯಸಿದ ಹಾಗೆಯೇ. ಅವನು ಮೊದಲ ಲೋಟ ಕೊಟ್ಟಿದ್ದು ಹೆತ್ತಮ್ಮನಿಗಲ್ಲ, ಒಣ ಆಲೂಗಡ್ಡೆ ಮಾರುವ ನಿಕೊಲಾಸಾಳಿಗೆ. ಅದರರ್ಥ ಬೀದಿ ನಾಯಿಗೂ ಗೊತ್ತಿತ್ತು!

ನಿಕೊಲಾಸಾ ನೊರೆಯುಕ್ಕುವ ಲೋಟವನ್ನೇ ನೋಡಿದಳು. 'ಕುಡಿದರೆ... ಎಲ್ಲರೆದುರು... ಅಯ್ಯೋ ತಾಯೀ!'

ಮುಚ್ಚುಮರೆ ಯಾಕೆ, ಹೇಳಿಬಿಡುವುದೇ ಸರಿ. ಆಕೆಗೆ ಉಚ್ಚೆ ನಿಲ್ಲುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹೆರಿಗೆ ನೋವು ದಿನಗಟ್ಟಲೆ ಎಳೆದು, ಮಗು ಸತ್ತೇ ಹುಟ್ಟಿತ್ತು. ಅಂದಿನಿಂದ ಕೆಮ್ಮಿದರೆ, ನಕ್ಕರೆ, ಮೂಟೆ ಎತ್ತಿದರೆ ಸೋರುತ್ತಿತ್ತು. ನಾತ ಎಂದು ಗಂಡ ಬಿಟ್ಟು ಹೋಗಿದ್ದ. ಪದರ ಪದರ ಲಂಗದೊಳಗೆ ಹಳೆ ಬಟ್ಟೆ ಕಟ್ಟಿಕೊಂಡು, ದಿನವಿಡೀ ಒಂದು ಗುಟುಕು ನೀರೂ ಕುಡಿಯದೆ ಸಂತೆಯಲ್ಲಿ ಕೂರುತ್ತಿದ್ದಳು. ಬಿಯರ್ ಕುಡಿಯುವುದಂತೂ ದೂರದ ಮಾತು.

ಲೋಟ ಈಸಿಕೊಂಡಳು. ಎರಡು ಹನಿಯಲ್ಲ... ಪೂರ್ತಿ ನೆಲಕ್ಕೆ ಸುರಿದಳು.

"ನೋಡಿದ್ರಾ!" ಅವನಮ್ಮ ಸಿಪ್ರಿಯಾನಾ ಕಿರುಚಿದಳು. "ನನ್ನ ಮಗನ ಬಸ್ಸಿಗೆ ಶಾಪ ಹಾಕಿದ್ಳು! ಹೆತ್ತ ಕೂಸನ್ನೇ ಉಳಿಸಿಕೊಳ್ಳದೋಳು!"

"ನಾನು ಬೇಡವಾಗಿದ್ರೆ ಬಾಯಲ್ಲಿ ಹೇಳಬಹುದಿತ್ತಲ್ಲ, ನಿಕೊ..." ಫ್ರೊಯಿಲಾನ್‌ನ ದನಿ ಸತ್ತಿತ್ತು.

ಭಯಕ್ಕೇ ಅವಳ ಒಳಲಂಗ ಒದ್ದೆಯಾಗಿತ್ತು. ಓಡಿದಳು.

ಕೆಲವೇ ವಾರಗಳಲ್ಲಿ ಆಲಿಕಲ್ಲು ಬಿದ್ದ ರಸ್ತೆಯಲ್ಲಿ ಬಸ್ಸು ಜಾರಿ ಹಳ್ಳಕ್ಕೆ ಉರುಳಿತು. ಪ್ರಯಾಣಿಕರು ಬದುಕಿದರು. ಫ್ರೊಯಿಲಾನ್‌ನ ಸೊಂಟ, ಕಾಲು ಮುರಿದವು.

ನಿಕೊಲಾಸಾಳ ಆಲೂಗಡ್ಡೆಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಪಕ್ಕದ ಅಂಗಡಿಯವಳು ಅವಳತ್ತ ಉಗಿದು ಬಾಗಿಲು ಹಾಕಿದಳು. 'ನಿಜವಾಗಿಯೂ ನನ್ನ ಕೈಯಿಂದಲೇ ಆಯಿತಾ?' ಎಂದು ಕೊರಗುತ್ತಲೇ ಉರಿಮೂತ್ರ, ಜ್ವರ ಹತ್ತಿ ಆರೋಗ್ಯ ಕೇಂದ್ರದಲ್ಲಿ ಬಿದ್ದುಕೊಂಡಳು.

ಅಲ್ಲಿನ ನರ್ಸ್ ಗದರಿದಳು. "ನೀರು ಕುಡಿಯೋದು ಬಿಟ್ರೆ ಉಚ್ಚೆ ನಿಲ್ಲತ್ತೆ ಅಂತ ಯಾರಮ್ಮ ಹೇಳಿದ್ದು? ಒಳಗಿನ ಚೀಲ ಇನ್ನೂ ಕೆರಳತ್ತೆ! ಸ್ವಲ್ಪ ಸ್ವಲ್ಪ ಕುಡಿ. ಅವಸರ ಆಗೋ ತನಕ ಕಾಯ್ಬೇಡ, ಗಡಿಯಾರ ನೋಡಿಕೊಂಡು ಹೋಗಿ ಬಾ. ಹೂಸು ತಡೀತೀಯಲ್ಲ, ಹಾಗೆ ಒಳಗಿಂದ ಬಿಗಿ ಹಿಡಿ, ಬಿಡು, ಮತ್ತೆ ಹಿಡಿ. ದಿನಾ ಮಾಡು. ತಿಂಗಳುಗಟ್ಟಲೆ ಬೇಕಾಗತ್ತೆ."

ಮಾಡಿದಳು. ಕೆಲವು ವಾರಕ್ಕೆ ಸೋರುವುದು ತುಸು ಕಡಿಮೆಯಾಯಿತು, ನಿಲ್ಲಲಿಲ್ಲ. ಆದರೆ ಎದೆಯ ಭಾರ?

ಸಿಪ್ರಿಯಾನಾ ಸಂತೆಗೆ ಹೋದ ಹೊತ್ತು ನೋಡಿ ನಿಕೊಲಾಸಾ ಫ್ರೊಯಿಲಾನ್‌ನ ಮನೆ ಬಾಗಿಲು ದೂಡಿದಳು.

"ಹೊರಗೆ ಹೋಗು!" ಫ್ರೊಯಿಲಾನ್ ಕೂಗಿದ. ಕಾಲಿಗೆ ಪಟ್ಟಿ, ಕಣ್ಣಲ್ಲಿ ನೀರು. "ಬರಬೇಡ... ಹತ್ತಿರ ಬರಬೇಡ!"

ಅವಳಿಗೆ ವಾಸನೆ ಬಂತು. ಆ ವಾಸನೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಸಿಗೆ ಒದ್ದೆಯಾಗಿತ್ತು. ಉಚ್ಚೆ ಡಬ್ಬಿ ಕೈಗೆ ಸಿಗದೆ ಮಂಚದಡಿ ಉರುಳಿತ್ತು.

ಅವಳು ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ದುಪ್ಪಟಿ ಎಳೆದು, ತನ್ನ ಲಂಗದೊಳಗಿದ್ದ, ಇನ್ನೂ ಒದ್ದೆಯಾಗದ ಬಟ್ಟೆ ಬಿಚ್ಚಿ ಅವನಡಿ ಹಾಸಿದಳು.

"ಇದೇನಿದು... ಬಟ್ಟೆ ಯಾಕೆ ಕಟ್ಕೊಂಡಿದ್ದೀಯ?"

"ನಿನಗೆ ಒಂದು ದಿನದ ಅವಮಾನ, ಫ್ರೊಯಿಲಾನ್. ನನಗೆ ನಾಲ್ಕು ವರ್ಷದ್ದು." ಅವಳು ಒದ್ದೆ ದುಪ್ಪಟಿ ಮುದುರಿ ಪಕ್ಕಕ್ಕಿಟ್ಟಳು. "ಅವತ್ತು ಕುಡಿದಿದ್ರೆ ಬೀದಿಯಲ್ಲೇ ಸುರೀತಿತ್ತು... ಅದಕ್ಕೇ ಚೆಲ್ಲಿದೆ. ನಿನಗೆ ಕೇಡು ಬಯಸಿ ಅಲ್ಲ ಕಣೋ!"

ಅವನು ಕೈ ಚಾಚಿ ಅವಳ ಲಂಗದ ಅಂಚು ಹಿಡಿದ.

"ನಾನೂ ಶಾಪ ಅಂತ್ಲೇ ನಂಬಿದ್ದೆ," ಎಂದ. "ತಪ್ಪಾಯ್ತು, ನಿಕೊ... ಈ ಹಾಳು ಕಾಲಿನೋನ ಜೊತೆ ಬಾಳ್ತೀಯಾ?"

"ನನ್ನ ಜೊತೆ ಮಲಗಿದ್ರೆ ಹಾಸಿಗೆ ಒದ್ದೆಯಾಗತ್ತೆ. ಪೂರ್ತಿ ವಾಸಿಯಾಗತ್ತೋ ಇಲ್ವೋ..."

"ಒದ್ದೆಯಾದ್ರೆ ಒಗೆಯೋಣ."

"ಎದ್ದು ಕೂರೋಕಾಗಲ್ಲ, ನೀನು ಒಗೀತೀಯಾ?"

"ಮೂಳೆ ಕೂಡೋ ತನಕ ನೀನು ಒಗಿ. ಆಮೇಲೆ ಸಾಯೋ ತನಕ ನಾನು."

ಅವಳು ನಕ್ಕುಬಿಟ್ಟಳು... ನಕ್ಕ ಕೂಡಲೇ ಗಾಬರಿಯಿಂದ ಲಂಗ ಮುದುರಿ ಹಿಡಿದಳು.

"ಆಯ್ತಾ?" ಅವನು ಮೆಲ್ಲಗೆ ಕೇಳಿದ.

"ಹ್ಞೂಂ... ಸ್ವಲ್ಪ."

"ಇರಲಿ ಬಿಡು. ನಗು."