ಮುಕ್ಕಾಲು ಪಿಟೀಲು

"ಎಲ್ಲಿ, ಕೈ ಚಾಚು ನೋಡೋಣ," ಅಂದರು ಪಿಟೀಲು ಕಲಿಸುವ ಮಿಸ್ ಬ್ರಿಗ್ಸ್.

ಕಾಜಿಕ್ ಪಿಟೀಲನ್ನು ಗದ್ದದ ಕೆಳಗೆ ಇಟ್ಟುಕೊಂಡು ಎಡಗೈ ಚಾಚಿದ. ಪೂರ್ತಿ ಚಾಚಿದನೇ? ಎಲ್ಲಿ ಬಂತು! ಯಾರಿಗೂ ಕಾಣದ ಹಾಗೆ ಭುಜವನ್ನು ಹಿಂದಕ್ಕೆ ಎಳೆದುಕೊಂಡ. ದೊಗಲೆ ಸ್ವೆಟರಿನ ತೋಳಿನೊಳಗೆ ಮೊಣಕೈಯನ್ನು ಮೆಲ್ಲಗೆ ಮಡಚಿದ. ಪಿಟೀಲಿನ ತುದಿಯಲ್ಲಿದ್ದ ಮರದ ಸುರುಳಿ ಅವನ ಅಂಗೈಗೆ ಸರಿಯಾಗಿ ಬಂದು ಕೂತಿತು.

ಸುರುಳಿ ಅಂಗೈಗೆ ಬಂದರೆ ಪಿಟೀಲು ಸರಿಯಾದ ಅಳತೆಯದು. ಮಣಿಕಟ್ಟಿಗೆ ಬಂದರೆ ಮಗು ಬೆಳೆದಿದೆ, ಇನ್ನೂ ದೊಡ್ಡ ಪಿಟೀಲು ಬೇಕು ಅಂತ ಅರ್ಥ.

"ವಿಚಿತ್ರ ಕಣೋ," ಅಂದರು ಮಿಸ್. "ಪ್ಯಾಂಟು ನೋಡಿದ್ರೆ ಗಿಡ್ಡ ಆಗಿದೆ. ಶೂ ಹೊಸದು. ಕೈ ಮಾತ್ರ ಬೆಳೀತಾನೇ ಇಲ್ವಲ್ಲ!"

"ನಮ್ಮನೇಲಿ ಎಲ್ಲರ ಕೈನೂ ಗಿಡ್ಡ, ಮಿಸ್."

ಅಪ್ಪಟ ಸುಳ್ಳು. ಅವನ ಅಪ್ಪ ಡೆಟ್ರಾಯಿಟ್ ಊರಿನ ಬಸ್ ಡ್ರೈವರ್. ಸೀಟಿನಲ್ಲಿ ಕೂತಲ್ಲಿಂದಲೇ ಬಾಗಿಲಲ್ಲಿ ನಿಂತವರ ಟೋಪಿ ಎತ್ತಬಲ್ಲಷ್ಟು ಉದ್ದ ಅವರ ಕೈ.

ಮಿಸ್ ಬ್ರಿಗ್ಸ್ ಹುಬ್ಬೇರಿಸಿದರು.

ಆ ಪಿಟೀಲು ಕಾಜಿಕ್‌ನದಲ್ಲ. ಮಿಸೆಸ್ ಥಾರ್ನ್ ಎಂಬ ಅಜ್ಜಿಯದು. ಹಳೇ ಪಿಟೀಲು ಅಂದರೆ ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿರುವ ಸಾಮಾನು ಅಂದುಕೊಳ್ಳಬೇಡಿ. ಇಟಲಿಯಲ್ಲಿ ಯಾರೋ ಒಬ್ಬ ಕುಶಲಗಾರ ಇನ್ನೂರು ವರ್ಷಕ್ಕೂ ಹಿಂದೆ ಮಕ್ಕಳಿಗೆಂದೇ ಮಾಡಿದ ಮುಕ್ಕಾಲು ಅಳತೆಯ ಪಿಟೀಲು ಅದು. ಅಂಥದ್ದು ಸಿಗುವುದೇ ಅಪರೂಪ. ಬಣ್ಣವೋ, ಗಟ್ಟಿ ಜೇನಿನದು. ಮಿಸೆಸ್ ಥಾರ್ನ್ ಇಂಥ ವಾದ್ಯಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವವರಲ್ಲ. ಚೆನ್ನಾಗಿ ನುಡಿಸುವ ಮಕ್ಕಳಿಗೆ ಸುಮ್ಮನೆ ಕೊಡುತ್ತಿದ್ದರು. ಷರತ್ತು ಒಂದೇ. ಮಗು ಬೆಳೆದ ಮೇಲೆ ಪಿಟೀಲು ಮುಂದಿನ ಮಗುವಿಗೆ ಹೋಗಬೇಕು.

ಕಾಜಿಕ್ ಬೆಳೆಯಬಾರದು ಅಂತ ಹಟ ಹಿಡಿದಿದ್ದು ಅದಕ್ಕೇ.

ಅವನು ಮೊದಲು ನುಡಿಸುತ್ತಿದ್ದದ್ದು ಶಾಲೆಯ ಪಿಟೀಲು. ಆಗ ಮಿಸ್ ಬ್ರಿಗ್ಸ್ ಒಬ್ಬರನ್ನು ಬಿಟ್ಟರೆ ಯಾರೂ ಅವನ ಕಡೆ ತಿರುಗಿ ನೋಡಿರಲಿಲ್ಲ. ಜೇನು ಬಣ್ಣದ್ದು ಕೈಗೆ ಬಂದ ಮೇಲೆ ಚರ್ಚಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪೇಪರಿನಲ್ಲಿ ಫೋಟೋ ಬಂತು. ಹಾಗಾದರೆ ಚೆನ್ನಾಗಿ ನುಡಿಸುತ್ತಿರುವುದು ಯಾರು? ತಾನಲ್ಲ, ಪಿಟೀಲೇ. ಅದು ಹೋದರೆ ತನ್ನಲ್ಲಿ ಏನೂ ಉಳಿಯುವುದಿಲ್ಲ.

ಮನೆಯಲ್ಲಿ ಅವನು ಹಾಲು ಮುಟ್ಟುತ್ತಿರಲಿಲ್ಲ.

"ಕುಡಿಯೋ," ಅಂದಳು ಅಜ್ಜಿ. ಅವರ ಮನೆಯಲ್ಲಿ ಅಜ್ಜಿಯನ್ನು ಕರೆಯುವುದು ಬೂಶಾ ಅಂತ.

"ಬೇಡ ಬೂಶಾ."

"ಆಲೂಗಡ್ಡೆ ಕಡುಬಾದ್ರೂ ತಿನ್ನು. ನಿಂಗೋಸ್ಕರಾನೇ ಬೆಣ್ಣೇಲಿ ಹುರಿದಿದ್ದೀನಿ."

"ಒಂದು ಸಾಕು."

"ಬಿಡು ಬೂಶಾ, ಸಾಹೇಬ್ರು ಡಯಟ್‌ನಲ್ಲಿದ್ದಾರೆ," ಅಂದಳು ಅಕ್ಕ ಹಾಲಿನಾ, ಅವನ ಪಾಲಿನ ಕಡುಬನ್ನೂ ತನ್ನ ತಟ್ಟೆಗೆ ಎಳೆದುಕೊಳ್ಳುತ್ತಾ. "ಫ್ಯಾಶನ್ ಶೋ ಇದೆಯಂತೆ."

"ಸುಮ್ನಿರೇ ಕೋತಿ!"

ಇಷ್ಟೆಲ್ಲ ಮಾಡಿದರೂ ಕೈ ಅದರ ಪಾಡಿಗೆ ಅದು ಬೆಳೆಯುತ್ತಲೇ ಇತ್ತು. ಹಟಕ್ಕೆ ಬಗ್ಗುವ ಕೈ ಈ ಪ್ರಪಂಚದಲ್ಲಿ ಯಾರಿಗಿದೆ ಹೇಳಿ? ಪುಟ್ಟ ಪಿಟೀಲಿಗೆ ಹೊಂದಿಕೊಳ್ಳಲು ಮುದುಡಿ ಮುದುಡಿ ಅವನ ಭುಜ ನೋಯತೊಡಗಿತು. ಆಮೇಲೆ ಕತ್ತು. ಬೂಶಾ ತನ್ನ ಮುಲಾಮು ತಂದು ತಿಕ್ಕಿದಳು.

"ನಂಗೆ ಬರಬೇಕಾದ ನೋವು ನಿಂಗ್ಯಾಕೆ ಬಂತೋ ಮಗನೇ?"

ಹೇಳಿಬಿಡೋಣ ಅನ್ನಿಸಿತು. ಬಾಯಿಗೆ ಬಂದದ್ದು ಮಾತ್ರ, "ಸ್ಕೂಲ್ ಬ್ಯಾಗು ಭಾರ."

ಅಕ್ಟೋಬರ್ ಬಂತು. ವರ್ಷಕ್ಕೊಂದು ಭಾನುವಾರ ಮಿಸೆಸ್ ಥಾರ್ನ್ ಮನೆಗೆ ಹೋಗಿ ನುಡಿಸುವುದು ರೂಢಿ. ಬೂಶಾ ಒಳ್ಳೆಯ ಕೋಟು ಹಾಕಿಕೊಂಡು ಜೊತೆಗೆ ಬಂದಳು. ಅಲ್ಲಿ ಬಿಸಿ ಸೇಬಿನ ರಸ, ಸಕ್ಕರೆ ಹೊರಳಿಸಿದ ಡೋನಟ್ ಎಲ್ಲ ಸಿದ್ಧವಾಗಿದ್ದವು. ಮಿಸ್ ಬ್ರಿಗ್ಸ್ ಆಗಲೇ ಬಂದಿದ್ದರು. ಅವರ ಪಕ್ಕದಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಬೆರಳಿಗಂಟಿದ ಸಕ್ಕರೆ ನೆಕ್ಕುತ್ತಿದ್ದಳು.

"ಇವಳು ಡೆಲ್ಫೀನ್. ನನ್ನ ಹೊಸ ಸ್ಟೂಡೆಂಟು. ಶಾಲೆ ಪಿಟೀಲನ್ನ ಚೆನ್ನಾಗಿ ನುಡಿಸ್ತಾಳೆ," ಅಂದರು ಮಿಸ್.

ಕಾಜಿಕ್ ಅವಳ ಕೈ ನೋಡಿದ. ಚಿಕ್ಕ ಕೈ, ಮುಕ್ಕಾಲು ಅಳತೆಯದು. ಪಿಟೀಲಿನ ಪೆಟ್ಟಿಗೆಯನ್ನು ಬಿಗಿಯಾಗಿ ಅಪ್ಪಿಕೊಂಡ.

ನುಡಿಸಲು ನಿಂತ. ಶುರು ಚೆನ್ನಾಗಿಯೇ ಆಯಿತು. ರಾಗ ಮೇಲೆ ಮೇಲೆ ಹೋದ ಹಾಗೆ ಬೆರಳುಗಳಿಗೆ ಜಾಗವೇ ಸಾಲದೆ ಒಂದನ್ನೊಂದು ತಳ್ಳಾಡತೊಡಗಿದವು. ಒಂದು ಸ್ವರ ತಪ್ಪಿತು. ಇನ್ನೊಂದೂ ತಪ್ಪಿತು. ಕತ್ತಿನ ನರ ಚಳಕ್ ಅಂದಿತು.

"ಆ!" ಅಂದವನೇ ನಿಲ್ಲಿಸಿಬಿಟ್ಟ.

ಮಿಸೆಸ್ ಥಾರ್ನ್ ಕೋಲೂರಿಕೊಂಡು ಎದ್ದು ಅವನ ಹತ್ತಿರ ಬಂದರು.

"ಕೈ ಚಾಚು ಮಗು. ಪೂರ್ತಿ."

ಇನ್ನು ಮುಚ್ಚಿಡುವುದು ಆಗುವುದಿಲ್ಲ ಅಂತ ಕಾಜಿಕ್‌ಗೆ ಗೊತ್ತಾಯಿತು. ಭುಜವನ್ನು ಸಡಿಲ ಬಿಟ್ಟ, ಮೊಣಕೈ ನೆಟ್ಟಗೆ ಮಾಡಿದ. ಸುರುಳಿ ಅಂಗೈಯನ್ನು ದಾಟಿ ಮಣಿಕಟ್ಟಿನ ಹತ್ತಿರ ನಿಂತಿತು. ಸ್ವೆಟರಿನಿಂದ ಹೊರಬಂದ ಕೈ ಅವನಿಗೇ ಬೇರೆ ಯಾರದ್ದೋ ಅನ್ನುವಷ್ಟು ಉದ್ದ ಕಂಡಿತು.

"ಅಯ್ಯೋ ನನ್ನ ಕಳ್ಳ!" ಅಂದಳು ಬೂಶಾ. "ಹಾಲು ಬಿಟ್ಟಿದ್ದು ಇದಕ್ಕಾ?"

ಕಾಜಿಕ್ ಅತ್ತೇಬಿಟ್ಟ. "ಸುಳ್ಳು ಹೇಳ್ದೆ. ಸಾರಿ. ಇದು ಹೋದ್ರೆ ನಂಗೆ ನುಡಿಸೋಕೇ ಬರಲ್ಲ. ನುಡಿಸ್ತಿದ್ದಿದ್ದು ಇದು, ನಾನಲ್ಲ!"

ಬೈಗುಳಕ್ಕೆ ಕಾದ. ಕೇಳಿಸಿದ್ದು ನಗು. ಮಿಸೆಸ್ ಥಾರ್ನ್ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುವಷ್ಟು.

"ನಿನ್ನ ಹಿಂದೆ ಇದನ್ನ ಇಟ್ಕೊಂಡಿದ್ದವಳು ಏನು ಮಾಡಿದ್ಲು ಗೊತ್ತಾ? ಅಳತೆ ನೋಡೋ ದಿನ ಬಂತು ಅಂದ್ರೆ ಸಾಕು, ಕೈಗೆ ಬ್ಯಾಂಡೇಜ್ ಸುತ್ಕೊಂಡು ಬರ್ತಿದ್ಲು. ಒಂದ್ಸಲ ಮರೆತು ಬೇರೆ ಕೈಗೆ ಸುತ್ಕೊಂಡು ಬಂದಳು ಪೆದ್ದಿ! ಅವಳಿಗಿಂತ ಮುಂಚಿನವನು ನನಗೆ ಕಾಗದ ಬರೆದಿದ್ದ, ತಾನು ಊರು ಬಿಟ್ಟು ಹೋಗಿದ್ದೀನಿ ಅಂತ. ಪಕ್ಕದ ರಸ್ತೆ ಪೋಸ್ಟ್ ಡಬ್ಬದಿಂದ!"

ಅಳುತ್ತಲೇ ಕಾಜಿಕ್‌ಗೆ ನಗು ಬಂತು. ಮೂಗಿನಿಂದ ಒಂದು ಗುಳ್ಳೆಯೂ ಬಂತು. ಬೂಶಾ ಕರ್ಚೀಫು ಕೊಟ್ಟಳು. ಭುಜಕ್ಕೆ ಎಷ್ಟು ಹಾಯೆನಿಸಿತೆಂದರೆ, ಇಷ್ಟು ದಿನ ಇದನ್ನು ಯಾಕೆ ಮಾಡಲಿಲ್ಲ ಅಂತ ಅವನಿಗೆ ಅನ್ನಿಸಿತು. ಅವನು ತಾನಾಗಿಯೇ ಡೆಲ್ಫೀನ್ ಹತ್ತಿರ ಹೋಗಿ ಪಿಟೀಲು ಕೊಟ್ಟ.

"ತಗೋ. ಮೆಲ್ಲಗೆ ಹಿಡ್ಕೋ."

ಡೆಲ್ಫೀನ್ ಕಮಾನು ಎಳೆದಳು. ಕಿರ್ರ್ ಅಂತ ಒಂದು ಸದ್ದು ಬಂತು, ಬಾಲ ತುಳಿಸಿಕೊಂಡ ಬೆಕ್ಕಿನದು. ಸೋಫಾದ ಮೇಲಿದ್ದ ಮಿಸೆಸ್ ಥಾರ್ನ್ ಅವರ ನಾಯಿ ಎದ್ದು ಹೊರಗೆ ಹೋಯಿತು.

ನಿಜ ಹೇಳಬೇಕೆಂದರೆ ಕಾಜಿಕ್‌ಗೆ ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಡೆಲ್ಫೀನಳ ತುಟಿ ನಡುಗುವುದು ಕಂಡಿತು. ತನ್ನ ಮೊದಲ ವಾರ ನೆನಪಾಯಿತು. ಆಗ ಅವನ ಕೈಯಲ್ಲೂ ಈ ಪಿಟೀಲು ಹೀಗೇ ಕಿರುಚಿತ್ತು. ಹಾಲಿನಾ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದ್ದಳು. ಮಿಸ್ ಬ್ರಿಗ್ಸ್ ಸರಿಮಾಡಲು ಬರಲಿಲ್ಲ. ಅವನೇ ಪ್ರತಿದಿನ ಕೂತು, ಬೈದುಕೊಂಡು, ಬೇಡಿಕೊಂಡು ಅದನ್ನು ಹಾಡಿಸಿದ್ದ.

"ಅಷ್ಟು ಒತ್ತಬೇಡ ಕಣೇ," ಅಂದ. "ದಪ್ಪ ತಂತಿಗೆ ಕೋಪ ಜಾಸ್ತಿ. ಕಮಾನು ಹಗುರ ಬಿಡು, ಅದೇ ಬರುತ್ತೆ. ಹ್ಞಾಂ, ಹಾಗೇ. ಮೊಣಕೈ ಒಳಗೆ."

ಈ ಸಲ ಸ್ವರ ತೆಳ್ಳಗೆ ಬಂತು. ಆದರೆ ಅದು ಸ್ವರವೇ.

"ಬಂತು!" ಅಂತ ಡೆಲ್ಫೀನ್ ಕುಣಿದಳು.

"ಕುಣೀಬೇಡ! ಕೈಲಿ ಏನಿದೆ ನೋಡ್ಕೋ!" ಅಂತ ದೊಡ್ಡವರೆಲ್ಲ ಒಟ್ಟಿಗೆ ಕೂಗಿದರು.

ಕಾಜಿಕ್ ತಿರುಗಿದ. "ಮಿಸ್, ನಿಮ್ಮತ್ರ ದೊಡ್ಡ ಪಿಟೀಲು ಇದೆಯಾ? ಶಾಲೆದಾದ್ರೂ ಪರವಾಗಿಲ್ಲ."

"ಹೊರಗೆ ಕೋಟುಗಳ ಕೆಳಗಿದೆ," ಅಂದರು ಮಿಸ್ ಬ್ರಿಗ್ಸ್. "ಬೇಸಿಗೆಯಿಂದ ಹೊತ್ಕೊಂಡು ತಿರುಗ್ತಿದ್ದೀನಪ್ಪ, ನೀನು ಯಾವಾಗ ಕೇಳ್ತೀಯೋ ಅಂತ. ನಂಗೂ ಭುಜ ನೋವು ಬಂದಿದೆ!"

ಕಾಜಿಕ್ ಹೊರಗಿನ ಕೋಣೆಗೆ ಹೋದ. ಕೋಟುಗಳನ್ನು ಸರಿಸಿದರೆ ಕಪ್ಪು ಪೆಟ್ಟಿಗೆ ಸಿಕ್ಕಿತು. ಅದಕ್ಕೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಡೆಲ್ಫೀನ್ ಒಂದು ಪುಟ್ಟ ಹಾಡು ಶುರುಮಾಡಿದಳು. ತಡವರಿಸಿದಳು, ಮತ್ತೆ ಹಿಡಿದಳು. ಆಮೇಲೆ ಒಂದು ಉದ್ದನೆಯ ಸ್ವರ ಬಾಗಿಲು ದಾಟಿ, ಕೋಟುಗಳ ನಡುವೆ ಹಾದು, ಮೆತ್ತಗೆ, ಬೆಚ್ಚಗೆ ಅವನವರೆಗೆ ಬಂತು.

ಕಾಜಿಕ್ ನಿಂತೇಬಿಟ್ಟ. ಗದ್ದದ ಕೆಳಗಿದ್ದಾಗ ಪಿಟೀಲು ಕಿವಿಗೆ ತೀರಾ ಹತ್ತಿರ. ಕಮಾನಿನ ಉಜ್ಜು, ಬೆರಳಿನ ಟಪಟಪ, ತನ್ನದೇ ಉಸಿರು ಎಲ್ಲ ಸೇರಿಕೊಂಡಿರುತ್ತಿತ್ತು. ದೂರ ನಿಂತು ಅವನು ಅದನ್ನು ಯಾವತ್ತೂ ಕೇಳಿರಲೇ ಇಲ್ಲ.

ಹುಡುಕಿಕೊಂಡು ಬೂಶಾ ಬಂದಳು. "ಏನೋ, ಇಲ್ಲೇ ಬೇರು ಬಿಟ್ಟೆಯಾ?"

"ಬೂಶಾ, ನಾನು ನುಡಿಸ್ತಿದ್ದಾಗ್ಲೂ ಹೀಗೇ ಕೇಳಿಸ್ತಿತ್ತಾ?"

"ಇದೇನು ಮಹಾ! ನೀನು ನುಡಿಸೋವಾಗ ನಾನು ಒಲೆ ಆರಿಸಿ ನಿಂತ್ಕೊಂಡು ಕೇಳ್ತಿದ್ದೆ. ದಿನಾ ಊಟ ಯಾಕೆ ತಡ ಆಗ್ತಿತ್ತು ಅಂದ್ಕೊಂಡೆ?"

ಕಾಜಿಕ್ ಪೆಟ್ಟಿಗೆಯನ್ನು ಎತ್ತಿ ಎದೆಗೊತ್ತಿಕೊಂಡ. ಆದರೆ ಒಳಗೆ ಹೋಗಲಿಲ್ಲ. ಡೆಲ್ಫೀನ್ ಹಾಡು ಮುಗಿಸುವವರೆಗೆ ಬೂಶಾಳ ಜೊತೆ ಅಲ್ಲೇ ಕೋಟುಗಳ ನಡುವೆ ನಿಂತು ಕೇಳಿದ.