ದಾಕ್ಷಿಣ್ಯದ ಮನುಷ್ಯ

ನಾನು ಕೆಲಸ ಮಾಡುವ ಗಾಜಿನಂಗಡಿಯಲ್ಲಿ ಎಲ್ಲರನ್ನೂ ನನ್ನ ಮದುವೆಗೆ ಕರೆದಾಗಿತ್ತು, ಅವನೊಬ್ಬನನ್ನು ಬಿಟ್ಟು. ಅವನನ್ನು ಬೇಕಂತಲೇ ಕೊನೆಗೆ ಉಳಿಸಿಕೊಂಡಿದ್ದೆ.

ನಾನು ಗಾಜು ಕತ್ತರಿಸುವವಳು. ಅವನು ಅದನ್ನು ಮನೆಮನೆಗೆ ಒಯ್ದು ಕೂರಿಸುವ ಫಿಟ್ಟರ್. ದೊಡ್ಡ ಗಾಜನ್ನು ವ್ಯಾನಿಗೆ ಸಾಗಿಸಬೇಕಾದರೆ ಎರಡು ತುದಿಗೆ ಇಬ್ಬರು ಬೇಕು, ಅದರಲ್ಲಿ ಒಬ್ಬರು ಹಿಮ್ಮುಖವಾಗಿ ನಡೆಯಬೇಕು. ದಾರಿ ಕಾಣದ ಆ ಪಾಲು ಯಾವಾಗಲೂ ಅವನದೇ.

"ನೀವು ಮುಂದೆ ನೋಡ್ಕೊಂಡು ಬನ್ನಿ. ನಾನಿದ್ದೀನಲ್ಲ," ಅನ್ನುತ್ತಿದ್ದ.

"ಮೆಟ್ಟಿಲು", "ಬಲಕ್ಕೆ" ಅಂತ ದಾರಿ ಹೇಳುತ್ತಾ ನಾನು ಅವನ ಮುಖ ನೋಡುತ್ತಿದ್ದೆ. ಎದುರಿಗೆ ಬೇರೇನಿತ್ತು ನೋಡಲು ಅನ್ನುವುದು ನನ್ನ ನೆಪ. ಅವನ ಹುಬ್ಬಿನ ಮೇಲೆ ಗಾಜಿನ ಪುಡಿ ಸಣ್ಣಗೆ ಹೊಳೆಯುತ್ತಿರುತ್ತಿತ್ತು. ಒಮ್ಮೆ ಅದನ್ನೇ ನೋಡುತ್ತಾ ಮೆಟ್ಟಿಲು ಹೇಳುವುದನ್ನು ಮರೆತುಬಿಟ್ಟೆ. ಅವನು ಮುಗ್ಗರಿಸಿ, ಸಾವರಿಸಿಕೊಂಡ.

"ಎಲ್ಲಿತ್ತು ಗಮನ?"

"ಗಾಜಿನ ಮೇಲೆ."

"ಹಾಗೆ ನೋಡ್ಬೇಡಿ, ಗಾಜಿಗೂ ನಾಚಿಕೆ ಆಗುತ್ತೆ," ಅಂದು ಕಣ್ಣಲ್ಲೇ ನಕ್ಕ. ಆ ನಗು ನನಗೆ ವಾರಗಟ್ಟಲೆ ಸಾಕಾಯಿತು.

ಆದರೆ ಏನು ಮಾಡುವುದು, ಅವನು ಎಲ್ಲರ ಜೊತೆಗೂ ಹಾಗೇ. ಮಾಲೀಕರ ಅತ್ತೆಗೆ ಕೊಡೆ ಹಿಡಿಯುತ್ತಾನೆ, ಬಿಲ್ ಬರೆಯುವ ಅಕ್ಕನ ಚೀಲ ಹೊರುತ್ತಾನೆ. ಮಾಲೀಕರಂತೂ ಅವನನ್ನು ಕರೆಯುವುದೇ "ನಮ್ಮ ದಾಕ್ಷಿಣ್ಯದ ಮನುಷ್ಯ" ಅಂತ.

ಅಪ್ಪ ನಿವೃತ್ತ ಮೇಷ್ಟ್ರು. ಒಂದು ಸಂಜೆ ಅವರನ್ನೇ ಕೇಳಿದೆ.

"ದಾಕ್ಷಿಣ್ಯ ಅಂದ್ರೆ ಏನಪ್ಪಾ?"

"ಹಳೇ ಕಾವ್ಯಗಳಲ್ಲಿ ಅದು ನಾಯಕನ ಗುಣ ಕಣಮ್ಮ. ಹೆಣ್ಣುಮಕ್ಕಳ ಮನಸ್ಸು ನೋಯದ ಹಾಗೆ ನಯವಾಗಿ ನಡ್ಕೊಳ್ಳೋದು, ಎಲ್ಲರ ಹತ್ತಿರಾನೂ ಒಂದೇ ಸಮ. ಈಗ ನಾವು ಮನಸ್ಸಿಲ್ಲದಿದ್ರೂ ಎದುರಿಗಿರೋರ ಮುಖ ನೋಡಿ ಹೂಂ ಅಂತೀವಲ್ಲ, ಅದಕ್ಕೂ ಅದೇ ಮಾತು."

ಹೇಗೆ ನೋಡಿದರೂ ನಾನು ಹತ್ತರಲ್ಲಿ ಹನ್ನೊಂದನೆಯವಳು. ಆ ರಾತ್ರಿ ಊಟ ಸೇರಲಿಲ್ಲ.

ಸಂಬಂಧವೊಂದು ಬಂದಾಗ ತಡೆಯಲಾರದೆ ಅವನನ್ನೇ ಕೇಳಿದೆ. "ಒಪ್ಕೊಳ್ಳಲಾ?"

ಅವನು ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಂಡ. "ಒಳ್ಳೆ ಜನ ಆಗಿದ್ರೆ ಒಪ್ಕೊಳ್ಳಿ," ಅಂದ, ನಯವಾಗಿ.

ನನಗೆ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಮನೆಗೆ ಹೋಗಿ ಹೂಂ ಅಂದುಬಿಟ್ಟೆ.

ಇವತ್ತು ಅಂಗಡಿಯಲ್ಲಿ ನನ್ನ ಕೊನೆಯ ದಿನ. ಮೋಡ ಕವಿದ ಮಧ್ಯಾಹ್ನ. ಯಾರದೋ ಮನೆಯ ಕಿಟಕಿಗೆ ಕತ್ತರಿಸಿದ ಗಾಜನ್ನು ಇಬ್ಬರೂ ಎತ್ತಿದೆವು. ಎಂದಿನಂತೆ ಅವನು ಹಿಂದಕ್ಕೆ ಹೆಜ್ಜೆಯಿಟ್ಟ.

"ಮದುವೆಗೆ ಬರ್ತೀರಲ್ಲ?" ಅಂದೆ.

"ಇಲ್ಲ."

"ಏನಂದ್ರಿ?"

"ಬರೋದಿಲ್ಲ. ನನ್ನಿಂದ ಆಗಲ್ಲ."

"ಯಾರಿಗೂ ಇಲ್ಲ ಅಂದವರಲ್ಲ ನೀವು. ಮಾಲೀಕರ ನಾದಿನಿ ಮದುವೆಗೆ ಜ್ವರ ಇಟ್ಕೊಂಡು ಹೋಗಿದ್ರಿ. ನನ್ನ ಮೇಲೆ ಅಷ್ಟೂ ದಾಕ್ಷಿಣ್ಯ ಇಲ್ವಾ?"

"ಇಲ್ಲ," ಅಂದ. ದನಿ ಒಡೆದಿತ್ತು. "ನಿಮ್ಮ ಹತ್ತಿರ ದಾಕ್ಷಿಣ್ಯಕ್ಕೆ ಅಂತ ಏನೂ ಮಾಡ್ಲಿಲ್ಲ. ಒಪ್ಕೊಳ್ಳಿ ಅಂದ್ನಲ್ಲ, ಅದೊಂದು ಮಾತು ಬಿಟ್ಟು."

ಕಣ್ಣೀರು ಅವನ ಗದ್ದದವರೆಗೂ ಇಳಿಯಿತು. ಒರೆಸಿಕೊಳ್ಳಲು ಅವನ ಕೈ ಖಾಲಿಯಿರಲಿಲ್ಲ. ನನ್ನದೂ ಇರಲಿಲ್ಲ.

"ಅವತ್ತೇ ಹೇಳ್ಬಾರದಿತ್ತಾ?"

"ತಡೆಯೋಕೆ ನಾನ್ಯಾರು ಅನ್ನಿಸ್ತು."

ಅಪ್ಪ ಮಾತು ಕೊಟ್ಟಾಗಿತ್ತು. ಆ ಮನೆಯವರು ನಿಜಕ್ಕೂ ಒಳ್ಳೆಯವರು. ಹುಡುಗನ ತಾಯಿ ನಿನ್ನೆ ತಾನೇ ಫೋನ್ ಮಾಡಿ, ನಿನಗೆ ಯಾವ ಬಣ್ಣ ಇಷ್ಟ ಅಂತ ಕೇಳಿದ್ದರು. ಅವರ ಮುಖ ನೋಡಿ ಇನ್ನು ಇಲ್ಲ ಅನ್ನಲು ನನ್ನಿಂದ ಆಗುವುದಿಲ್ಲ.

ನನ್ನ ಮುಖ ನೋಡಿಯೇ ಅವನಿಗೆ ಅದು ಅರ್ಥವಾಯಿತು.

"ದಾರಿ ಹೇಳಿ," ಅಂದ ಮೆಲ್ಲಗೆ. "ವ್ಯಾನು ಇನ್ನೂ ದೂರ ಇದೆಯಾ?"

ಬಾಗಿಲು ತೆರೆದ ವ್ಯಾನು ಅವನ ಬೆನ್ನ ಹಿಂದೆಯೇ ನಿಂತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಸ್ವಲ್ಪ ನಿಲ್ಲಿ," ಅಂದೆ. "ಗಾಡಿಗಳು ಹೋಗ್ತಿವೆ."

ಅವನು ನಿಂತ. ತಿರುಗಿ ನೋಡಲಿಲ್ಲ.