ಒಂಬತ್ತನೆಯ ದಿನ ಆರಿದ ದೀಪ

ಸದಲಗಾದ ನಮ್ಮ ಹಾಲಿನ ಡೇರಿಯಲ್ಲಿ ನೀಲಮ ತಾನೇ ಜೋಡಿಸಿ ಹಚ್ಚಿದ್ದ ಎಲ್‌ಇಡಿ ದೀಪ ಒಂಬತ್ತನೆಯ ಬೆಳಿಗ್ಗೆ ಸತ್ತುಹೋಗಿತ್ತು. ಉಳಿದ ಹನ್ನೊಂದು ದೀಪಗಳ ಕೆಲಸ ಅವಳಿಗೆ ಕೊಡಬೇಕೋ ಬೇಡವೋ ಎಂದು ಕಾರ್ಯದರ್ಶಿ ರಾಜಾರಾಮರು ಆ ಸಂಜೆಯೇ ಹೇಳುವವರಿದ್ದರು. ನೀಲಮ ನೆಟ್ಟಗೆ ಅಕ್ಕುತಾಯಿಯವರ ಮನೆಗೆ ಬಂದಳು. ಅಕ್ಕುತಾಯಿ ನಿವೃತ್ತ ವಿಜ್ಞಾನ ಶಿಕ್ಷಕಿ. ಊರಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಅವರ ಬಾಗಿಲು ಬಡಿಯುತ್ತಾರೆ. ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆಯುವ ನಾನು ಅವರ ಚೀಲ ಹಿಡಿದು ತಿರುಗುವವನು. ಹಿಂದಿನ ರಾತ್ರಿ ದೀಪದ ಕಡೆ ನೋಡದೆ ಕೀಲಿ ಹಾಕಿದವನು ನಾನೇ. ನನ್ನಿಂದಲೇ ಏನೋ ತಪ್ಪಾಗಿರಬೇಕು ಅನ್ನಿಸುತ್ತಿತ್ತು.

"ರಾಜಾರಾಮ ಕಾಕಾಂದ ಕೆಲಸರಿ ಇದು. ಅವರ ಅಳಿಯಂದು ಲೈಟಿನ ಅಂಗಡಿ ಐತಿ," ಎಂದಳು ನೀಲಮ.

"ಅಂಗಡಿ ಇದ್ದವರೆಲ್ಲಾ ಕಳ್ಳರಂದ್ರ ಚಿಕ್ಕೋಡಿ ಪ್ಯಾಟಿನ ಮುಚ್ಚಬೇಕಾಗತೈತಿ. ನಡಿ, ನೋಡೂಣು."

ರಾತ್ರಿಯಿಡೀ ಉರಿಯುವ ಆ ದೀಪ ಕ್ಯಾನುಗಳ ಸಾಲಿನ ಮೇಲೆ, ಗೋಡೆಗೆ ಇತ್ತು. ಅದರ ಬೆನ್ನಿಗೆ ಶಾಖ ಹೊರಹಾಕುವ ಅಲ್ಯುಮಿನಿಯಮ್ ರೆಕ್ಕೆಗಳು. ಕರೆಂಟನ್ನು ಅಳೆದು ಬಿಡುವ ಡ್ರೈವರ್ ಬೇರೆ ಡಬ್ಬಿಯಲ್ಲಿ. ಎಲ್‌ಇಡಿ ಸುಟ್ಟು ಕಪ್ಪಾಗಿತ್ತು. ಅಕ್ಕುತಾಯಿ ಡ್ರೈವರಿಗೆ ಬೇರೊಂದು ಎಲ್‌ಇಡಿ ಜೋಡಿಸಿದರು. ಥಟ್ಟನೆ ಬೆಳಗಿತು.

"ಎಷ್ಟರದು ಈ ಡ್ರೈವರ್?"

"ಎಲ್‌ಇಡಿ ಒಂದೂವರಿ ಆಂಪಿಯರ್ ತಡಕೋತೈತ್ರಿ. ಕಮ್ಮಿ ಕಾಯಲಿ ಅಂತ ನಾ ಒಂದ ಆಂಪಿಯರಿಂದು ಹಾಕೀನಿ."

ಅಕ್ಕುತಾಯಿ ರೆಕ್ಕೆಗಳ ನಡುವಿನಿಂದ ಕಂದು ನೂಲೊಂದನ್ನು ಎಳೆದರು. ದೀಪದ ಕೆಳಗೆ ಗೋಡೆಯ ಸುಣ್ಣದ ಮೇಲೆ ನೀರು ಇಳಿದ ಕಂದು ಗೆರೆಗಳಿದ್ದವು. ಆಮೇಲೆ ಅವರು ಕ್ಯಾನುಗಳನ್ನು ನೋಡಿದರು. ಹಾಲು ತಣ್ಣಗಿರಲೆಂದು ಐದು ಕ್ಯಾನುಗಳಿಗೆ ಒದ್ದೆ ಗೋಣಿತಟ್ಟು ಸುತ್ತಿತ್ತು. ಆರನೆಯದು ಬರಿ ಕ್ಯಾನು.

ಸಂಜೆ ಎಲ್ಲರೂ ಸೇರಿದರು. ಕ್ಯಾನು ತೊಳೆಯುವ ಸುಂದರಾ ಬಾಗಿಲ ಬಳಿ ನಿಂತಿದ್ದಳು.

"ಮನ್ಯಾಗ ಮಾಡಿದ ಸಂಡಗಿ ಚಲೋರಿ, ಲೈಟ್ ಅಲ್ಲ," ಎಂದರು ರಾಜಾರಾಮರು.

"ಡ್ರೈವರ್ ಚಲೋ ಐತಿ, ಅದೂ ಕಮ್ಮಿ ಕರೆಂಟಿಂದು," ಎಂದರು ಅಕ್ಕುತಾಯಿ. "ಅಂದ್ರ ಕೊಂದದ್ದು ಕಾವು. ಎಂಟು ದಿನ ರೆಕ್ಕಿ ಅದನ್ನ ಹೊರಗ ಹಾಕಿದ್ವು, ಒಂಬತ್ತನೇ ದಿನ ಆಗಲಿಲ್ಲ. ಯಾಕಂದ್ರ ಯಾರೋ ಗೋಣಿ ಸುತ್ತಿದ್ರು. ನೂಲು ಅಲ್ಲೇ ಸಿಕ್ಕಿತ್ತು. ಗ್ವಾಡಿ ಮ್ಯಾಲೆ ನೀರ ಇಳದೈತಿ, ಅಂದ್ರ ಹಸಿ ಗೋಣಿ, ಆರನೇ ಕ್ಯಾನಿಂದು. ಕೆಡಸಾಕ ಬಂದವರು ಗೋಣಿ ತೋಯಿಸೂದಿಲ್ಲ, ರಾಜಾರಾಮ. ತಣ್ಣಗ ಮಾಡಾಕ ಬಂದವರು ತೋಯಿಸ್ತಾರ."

ಸುಂದರಾಳ ಸೆರಗು ಬಾಯಿಗೆ ಹೋಗಿತ್ತು.

"ಬಿಸಿ ಅಂದ್ರ ಇದಕ ಯಮ ಅಂತ ನೀನ ಅಂದಿದ್ದಿ, ನೀಲಮ," ಎಂದಳು ಅವಳು. "ನಿನ್ನೆ ಕೀಲಿ ಹಾಕೂ ಮುಂಚೆ ಮುಟ್ಟಿದ್ರ ಬೆಚ್ಚಗಿತ್ತು. ಹಾಲ ಉಳಿದಂಗ ಉಳೀತೈತಿ ಅಂತ ಸುತ್ತಿದ್ನಿ. ಮುಂಜಾನೆ ಸತ್ತಿತ್ತು. ಗೋಣಿ ಹಿತ್ತಲಕ ಒಗದ್ನಿ. ಕೆಲಸದಿಂದ ತಗೀತಾರಂತ ಬಾಯಿ ಬಿಡಲಿಲ್ಲ."

"ಹಸಿ ಇರೂತನಕ ತಂಪ, ಸುಂದರಾ. ಒಣಗಿದ ಮ್ಯಾಲೆ ಅದು ಹೊಚ್ಚಿದ ಕೌದಿ, ಕಾವ ಹೊರಗ ಬಿಡೂದಿಲ್ಲ," ಎಂದರು ಅಕ್ಕುತಾಯಿ. "ಇನ್ನ ಮ್ಯಾಲೆ ಕರೆಂಟಿನ ಹತ್ರ ನೀರ ಒಯ್ಯಬ್ಯಾಡ. ನಿನ್ನ ಜೀವ ಉಳದದ್ದ ದೊಡ್ಡದು."

ರಾಜಾರಾಮರು ನೀಲಮಳ ಕಡೆ ತಿರುಗಿದರು. "ಹನ್ನೊಂದೂ ನೀನ ಹಚ್ಚವಾ. ಸುಂದರಾನ್ನ ಯಾರೂ ತಗ್ಯಾಂಗಿಲ್ಲ."

ನೀಲಮ ಹೊಸ ಎಲ್‌ಇಡಿ ಹಾಕಿದಳು. ತಾಸೊಂದು ಉರಿದ ಮೇಲೆ ಸುಂದರಾಳ ಕೈ ಹಿಡಿದು ರೆಕ್ಕೆಗಳ ಮೇಲೆ ಇರಿಸಿದಳು. "ಕೈ ತಡೀತೈತಿಲ್ಲ, ಮಾವಶಿ? ಇಷ್ಟ ಬಿಸಿ ಇರೂದ. ಗಾಳಿ ಆಡಿದ್ರ ಸಾಕು."

ಸುಂದರಾ ತಲೆಯಾಡಿಸಿ ಹಿತ್ತಲಿಗೆ ಹೋದಳು. ಗೋಣಿ ತಂದು, ತೋಯಿಸಿ, ಆರನೆಯ ಕ್ಯಾನಿಗೆ ಸುತ್ತಿದಳು.